ಹೊಗಿ ಬರಲಾರದ ಗಾಡಿ

ನಂದು ಬಾಡಿಗಿ ಗಾಡಿ. ಮನಿ ಆಳಂದದಾಗ, ಬಾಳೆಲ್ಲ ರಸ್ತಿ ಮ್ಯಾಲ. ಇವತ್ತು ಅಫಜಲಪುರ, ನಾಳೆ ಜೇವರ್ಗಿ, ಅಮಾಸಿ ಮುಗೀತಂದ್ರ ಘತ್ತರಗಿಗಿ ದೇವಿ ದರ್ಶನಕ್ಕ ಹೋಗೋ ಮಂದಿ. ಏಳು ಮಂದಿ ಕೂಡೋ ಗಾಡ್ಯಾಗ ಮಕ್ಕಳು ಮರಿ ಸೇರಿ ಎಷ್ಟು ಮಂದಿ ಕೂಡ್ತಾರ ಅಂತ ನೀವು ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ. ಈ ಕೆಲಸ ಅಂದ್ರ ನನಗ ಜೀವ. ಸ್ಟೇರಿಂಗ್ ಹಿಡದು ಕೂತೆ ಅಂದ್ರ ನಾ ರಾಜಾ. ಮನ್ಯಾಗ ನನ್ನ ಮಾತು ಯಾರು ಕೇಳ್ತಾರ?

ಗಾಡಿ ಒಳಗ ಧೂಳು ಕಂಡ್ರ ನನಗ ಮೈ ಉರೀತದ. ನಮ್ಮ ಕಡಿ ತೊಗರಿ ರಾಶಿ ಶುರು ಆತಂದ್ರ ರಸ್ತಿ ಬಾಜೂಕೇ ಮಷಿನ್ ಹಚ್ಚತಾರ, ಹೊಟ್ಟು ಮುಗಿಲಿಗಿ ಹಾರ್ತದ. ಮುಂದ ಕಬ್ಬಿನ ಟ್ರ್ಯಾಕ್ಟರ್ ಇದ್ರಂತೂ ಅದರ ಹೊಗಿ ಸೀದಾ ಮಾರಿಗೇ. ಅದಕ್ಕ ಗಾಡಿ ತಂದ ದಿನದಿಂದ ಕಿಟಕಿ ಬಂದ್. ಎ.ಸಿ. ಹತ್ರ ಒಂದು ಗುಂಡಿ ಇರ್ತದ ನೋಡ್ರಿ, ಹೊರಗಿನ ಗಾಳಿ ತಡದು ಒಳಗಿಂದನ್ನೇ ತಿರುಗಿಸೋದು, ಅದನ್ನ ಒಮ್ಮೆ ಒತ್ತಿದವ ಮತ್ತ ಮುಟ್ಟಲೇ ಇಲ್ಲ. ಮ್ಯಾಲ ಕನ್ನಡಿಗಿ ಮಲ್ಲಿಗಿ ವಾಸನಿ ಡಬ್ಬಿ, ಮುಂದ ಊದಿನಕಡ್ಡಿ. ಹತ್ತಿದವರು “ಏನ್ ಘಮಘಮ ಇಟ್ಟೀರಿ ಗಾಡಿ!” ಅಂದ್ರ ನನ್ನ ಎದಿ ಉಬ್ತಿತ್ತು.

ಕಳದ ವರ್ಷ ಒಂದು ಕಾಟ ಗಂಟುಬಿತ್ತು. ಮಂದಿ ತುಂಬಿಕೊಂಡು ಒಂದಿಷ್ಟು ದೂರ ಹೋದೆ ಅಂದ್ರ ತಲಿ ಭಾರ, ಕಣ್ಣು ಎಳ್ಯಾಕ ಶುರು. ಜೇವರ್ಗಿ ದಾರ್ಯಾಗ ಒಮ್ಮೆ, ಹಾಡಾಹಗಲ, ನಾ ಕಣ್ಣು ಮುಚ್ಚಿ ತೆಗಿಯೋದ್ರಾಗ ಗಾಡಿ ರಸ್ತಿ ಬಿಟ್ಟು ಹತ್ತಿ ಹೊಲಕ್ಕ ಇಳದಿತ್ತು. ಹಿಂದಿನವರು ಚಿಟ್ಟನೆ ಚೀರಿದ್ರು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡಾಂವ. ಆದ್ರ ಸುದ್ದಿ ನನಗಿಂತ ಮೊದಲ ಮನಿ ಮುಟ್ಟಿತ್ತು.

“ಗಾಡಿ ಮಾರ್ರಿ,” ಅಂದ್ಳು ಹೆಂಡ್ತಿ. “ಜೇವರ್ಗ್ಯಾಗ ನಮ್ಮಣ್ಣಂದು ಕಿರಾಣಿ ಅಂಗಡಿ ಅದ. ಅಂವಗೂ ಒಬ್ಬರು ಬೇಕಾಗ್ಯಾರ. ಗಲ್ಲಾದ ಮುಂದ ಕೂಡ್ರಿ.”

“ಗಲ್ಲಾದ ಮುಂದ ಕೂತು ನೊಣ ಹೊಡೀಲೇನು?”

“ನೊಣಾನೇ ಹೊಡೀರಿ. ಮಂದೀನ ಹೊಡೀಬ್ಯಾಡ್ರಿ.”

ಹಿಂಗ ಮಾತಾಡೋಳ ಮುಂದ ಯಾರು ಗೆಲ್ತಾರ? ಬರೋ ಅಮಾಸಿ ತನಕ ನೋಡ್ತೇನಿ, ಆಮ್ಯಾಲ ಗಾಡಿ ಕೀಲಿ ನನ್ನ ಕೈಗಿ ಕೊಡಬೇಕು ಅಂದ್ಳು. ನಾ ಬಿಡದೇ ದವಾಖಾನಿ ತಿರುಗಿದೆ. ಬಿಪಿ ಬರೋಬರಿ, ಸಕ್ಕರಿ ಬರೋಬರಿ, ಕಣ್ಣೂ ಛಲೋ ಅವ ಅಂದ್ರು. ರಾತ್ರಿ ಲಗೂ ಮಲಗಿದೆ, ಚಹಾ ಮ್ಯಾಲ ಚಹಾ ಕುಡದೆ. ಓಣ್ಯಾಗಿನವರು ಗಾಡಿಗಿ ದೃಷ್ಟಿ ಆಗ್ಯಾದ ಅಂದ್ರು. ಅದನ್ನೂ ನಂಬಿ ಊದಿನಕಡ್ಡಿ ಇನ್ನೆರಡು ಹೆಚ್ಚು ಹಚ್ಚಿದೆ. ತಲಿನೋವು ಮತ್ತಷ್ಟು ಜೋರಾತು.

ಅಮಾಸಿ ಬಂತು. ನಮ್ಮಲ್ಲಿ ಅಮಾಸಿಗಿ ಗಾಡಿ ಪೂಜಾ ಬಿಡೋ ಮಾತೇ ಇಲ್ಲ. ಗಾಡಿ ತೊಳದು, ಗಾಲಿ ಬುಡಕ ಲಿಂಬಿಹಣ್ಣು ಇಟ್ಟು, ಕಾಯಿ ಒಡದಿದ್ದಾತು. ನಾ ಎ.ಸಿ. ಹಚ್ಚಿ ಒಳಗ ಕೂತೆ. ಹೆಂಡ್ತಿ ಕೆಂಡದ ಮ್ಯಾಲ ಲೋಬಾನ ಹಾಕಿ, ಗಾಡಿ ಸುತ್ತ ತಿರುಗಿ, ಆ ಧೂಪದ ಬಟ್ಟಲಾ ತಂದು ಬಾನೆಟ್ ಮ್ಯಾಲ ಗಾಜಿನ ಬುಡಕ್ಕ ಇಟ್ಟಳು. ಹೊಗಿ ಎಷ್ಟು ದಟ್ಟ ಅಂದ್ರ ಆಕಿ ಮಾರಿ ಸುದ್ದಾ ಕಾಣವಲ್ದು. ಒಳಗ ಮಾತ್ರ ಏನೂ ಇಲ್ಲ. ನಾ ಬಾಗಿಲಾ ತೆಗದು ಹೆಮ್ಮಿಲೆ ಹೇಳ್ದೆ, “ನೋಡಿದ್ಯಾ? ಇಷ್ಟು ಹೊಗಿ ಅದ, ಒಂದು ಎಳಿ ಒಳಗ ಬರ್ಲಿಲ್ಲ. ಹ್ಯಾಂಗ ಇಟ್ಟೀನಿ ಗಾಡಿ!”

ಆಕಿ ಟೊಂಕದ ಮ್ಯಾಲ ಕೈ ಇಟ್ಟು ನಿಂತಳು. “ಹೊಗಿ ಬರಲಾರದಲ್ಲಿ ಗಾಳಿ ಎಲ್ಲಿಂದ ಬರ್ತದ್ರಿ?”

“ಆಂ?”

“ಅಡಿಗಿಮನಿ ಕಿಟಕಿ ಬಾಗಿಲಾ ಎಲ್ಲಾ ಹಾಕಿ ಅಷ್ಟು ಮಂದೀನ ಕೂಡಿಸ್ರಿ. ಒಂದು ತಾಸಿನ್ಯಾಗ ಎಲ್ಲಾರೂ ಆಕಳಿಸ್ತಾರ. ದಿನಾ ನೀವು ಮಂದಿ ಬಿಟ್ಟ ಉಸಿರೇ ಕುಡ್ಯಾಕತ್ತೀರಿ.”

ಖಾಲಿ ಗಾಡಿ ಹೊಡಕೊಂಡು ಬರೋ ಮುಂದ ನನಗ ಎಂದೂ ತೂಕಡಿಕಿ ಬಂದಿರಲಿಲ್ಲ, ಖರೆ. ಎ.ಸಿ. ಹತ್ರದ ಆ ಗುಂಡಿ ಬಿಡಿಸಿದೆ. ಅಯ್ಯಯ್ಯಪ್ಪಾ! ಲೋಬಾನದ ಹೊಗಿ, ಅದರ ಹಿಂದ ತೊಗರಿ ಹೊಟ್ಟಿನ ಧೂಳು, ಭಸ್ಸಂತ ಮಾರಿಗಿ ಬಂತು. ಸೀನ್ಕೋತ ಕೆಳಗ ಇಳದೆ. ಆಕಿ ಕಟ್ಟಿ ಮ್ಯಾಲ ಕೂತು ಹೊಟ್ಟಿ ಹಿಡಕೊಂಡು ನಕ್ಕಳು.

ಅವತ್ತೇ ಮಿಸ್ತ್ರಿ ಹತ್ರ ಹೋದೆ. ಅಂವ ಬಾಜೂ ಸೀಟಿನ ಮುಂದಿನ ಡಬ್ಬಿ ಬಿಚ್ಚಿ, ಒಳಗಿಂದ ಒಂದು ಫಿಲ್ಟರ್ ಎಳದ. ಮಂದಿ ಹತ್ತಿ ಇಳಿಯೋ ಮುಂದ ಒಳಗ ಬಂದ ಹೊಟ್ಟು, ಹತ್ತಿ ಎಳಿ, ಮಣ್ಣು ಎಲ್ಲಾ ಸೇರಿ ಸಗಣಿ ಕುಳ್ಳಿನಂಗ ಗಟ್ಟಿ ಆಗಿತ್ತು. “ಇದನ್ನ ಎಂದಾರ ಬದಲಿ ಮಾಡಿಸೀರೇನ್ರಿ?” ಅಂದ. ಇಂಥಾದೊಂದು ಅದ ಅಂತ ಇವತ್ತೇ ಗೊತ್ತಾತು ಅಂದೆ, ಅಲ್ಲೇ ಹೊಸಾದು ಹಾಕಿಸಿದೆ. ಎಂಜಿನ್ ಫಿಲ್ಟರ್ ಒಮ್ಮೆಯೂ ತಪ್ಪಿಸಿಲ್ಲ ನಾ. ನನ್ನ ಉಸಿರಿಗೂ ಒಂದು ಅದ ಅಂತ ಯಾವ ಮಗನೂ ಹೇಳಿರಲಿಲ್ಲ.

ಹೆಂಡ್ತಿ ಅಷ್ಟಕ್ಕೇ ನಂಬೋಳಲ್ಲ. ಮುಂದಿನ ಜೇವರ್ಗಿ ಬಾಡಿಗಿಗಿ ತಾನೇ ಮುಂದಿನ ಸೀಟ್ ಹಿಡದ್ಳು. ಗಾಡಿ ತುಂಬ ಮಂದಿ. ಮಲ್ಲಿಗಿ ಡಬ್ಬಿ ಇಲ್ಲ, ಊದಿನಕಡ್ಡಿ ಇಲ್ಲ. ಧೂಳು ಬಂದಲ್ಲಿ ಗುಂಡಿ ಒತ್ತಿದೆ, ದಾಟಿದ ಕೂಡ್ಲೇ ಬಿಡಿಸಿದೆ. ದಾರಿ ತುಂಬ ಆಕಿ ರಸ್ತಿ ನೋಡಲಿಲ್ಲ, ನನ್ನ ಕಣ್ಣು ನೋಡಿದ್ಳು. ಜೇವರ್ಗಿ ಬಂದ್ರೂ ನನಗ ಒಂದು ಆಕಳಿಕಿ ಬರಲಿಲ್ಲ.

ಅಂಗಡ್ಯಾಗ ಆಕಿ ಅಣ್ಣ ನನಗಂತ ಹೊಸಾ ಗಾದಿ ಹಾಸಿ ಇಟ್ಟಿದ್ದ. ಆಕಿ ನೀರು ಕುಡದು, “ಅಣ್ಣಾ, ಬ್ಯಾರೆ ಯಾರನ್ನರ ನೋಡ್ಕೋ,” ಅಂದ್ಳು. ನನಗ ಅಲ್ಲೇ ಕುಣೀಬೇಕು ಅನಿಸ್ತು.

ತಿರುಗಿ ಬರೋ ಮುಂದ ಚಾಷ್ಟಿ ಮಾಡ್ದೆ, “ಪಾಪ, ತವರಮನಿ ಬಾಜೂಕ ಇರೋದು ತಪ್ಪಿತಲ್ಲ ನಿನಗ.”

ಆಕಿ ನಗಲಿಲ್ಲ. “ನನಗ ಅಂಗಡಿ ಎಂದೂ ಬೇಕಾಗಿರಲಿಲ್ರಿ. ನೀವು ಹೊಂಟ ಕೂಡ್ಲೇ ಫೋನ್ ಮುಂದ ಇಟ್ಕೊಂಡು ಕೂಡ್ತಿದ್ದೆ. ಅದು ಬಡಕೊಂಡ್ರ ಎತ್ತಾಕ ಅಂಜಿಕಿ.”

ಈಗ ಮಧ್ಯಾಹ್ನ ಮಂದಿ ಇಳಿಸಿದ ಮ್ಯಾಲ ನಾ ಮನಿಗಿ ಫೋನ್ ಹಚ್ಚತೇನಿ. “ಛಲೋ ನಿದ್ದಿ ಹತ್ತಿತ್ತು, ಯಾಕ ಎಬ್ಬಿಸಿದ್ರಿ?” ಅಂತ ಬೈತಾಳ. ಆ ಬೈಗುಳ ಕೇಳಿದ್ರ ನನಗ ಹೊಟ್ಟಿ ತುಂಬ್ತದ.