ಹಾಯಿದೋಣಿಯಲ್ಲಿ ತಿಂದ ಬಂಗುಡೆ

ನಾನು ಮೊದಲ ಸಲ ಮೀನು ತಿಂದದ್ದು ಅರವತ್ತರ ದಶಕದ ಕೊನೆಯಲ್ಲಿ, ಕೊಚ್ಚಿಯ ಹಿನ್ನೀರಿನಲ್ಲಿ, ಒಂದು ಹಾಯಿದೋಣಿಯಲ್ಲಿ ಕುಳಿತು. ಆಗ ನನಗೆ ಇಪ್ಪತ್ತಾರು. ಮೈಸೂರಿನ ಮಡಿ ಮನೆಯಿಂದ ಬಂದವನು. ಎರ್ನಾಕುಳಂನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ.

ಆ ಕಚೇರಿಯಲ್ಲಿ ಕನ್ನಡದವರು ಇಬ್ಬರೇ. ಇನ್ನೊಬ್ಬರು ಹೆಡ್ ಕ್ಲರ್ಕು, ನನಗಿಂತ ಹನ್ನೆರಡು ವರ್ಷ ದೊಡ್ಡವರು, ನಮ್ಮ ಊರಿನ ಕಡೆಯವರು, ನಮ್ಮ ಮತದವರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ನನಗೆ ರೂಮು ಹುಡುಕಿಕೊಟ್ಟವರು ಅವರು. ಜ್ವರ ಬಂದು ಮಲಗಿದಾಗ ನಾಲ್ಕು ದಿನ ಮನೆಯಿಂದ ಗಂಜಿ ತಂದುಕೊಟ್ಟವರೂ ಅವರೇ. ತಿರುವನಂತಪುರದಲ್ಲಿ ನೆಲೆಸಿದ್ದ ಒಂದು ಮೈಸೂರು ಕುಟುಂಬದ ಹುಡುಗಿಯೊಂದಿಗೆ ನನ್ನ ಮದುವೆ ನಿಶ್ಚಯವಾದಾಗ, ಆ ಸುದ್ದಿಯನ್ನು ಮೊದಲು ಹೇಳಿದ್ದು ಅವರಿಗೆ. ಆ ಮನೆಯ ವಿಳಾಸ ಅವರಿಗೆ ಗೊತ್ತಾದದ್ದೂ ನನ್ನಿಂದಲೇ.

ಕಚೇರಿಯಲ್ಲಿ ನಾವೆಲ್ಲ, ಮಲಯಾಳದಲ್ಲಿ ಹಿರಿಯಣ್ಣನಿಗೆ ಹೇಳುವ ಹಾಗೆ, ಚೇಟ್ಟ ಎಂದು ಕರೆಯುತ್ತಿದ್ದ ಇನ್ನೊಬ್ಬ ಗುಮಾಸ್ತರು ವೈಪಿನ್ ದ್ವೀಪದವರು. ಅವರ ತಂದೆಯ ಕಾಲದ ಒಂದು ಹಾಯಿದೋಣಿ ಮನೆಯ ಹಿಂದೆಯೇ ಇತ್ತು. ಒಂದು ಭಾನುವಾರ ಬೆಳಿಗ್ಗೆ ಚೇಟ್ಟ ನಮ್ಮಿಬ್ಬರನ್ನೂ ಕರೆದರು. ಹೊರಡುವ ಮುಂಚೆ ಅವರ ತಾಯಿ ನನ್ನ ಕೈಗೆ ಎರಡು ಪೊಟ್ಟಣ ಕೊಟ್ಟರು. ಒಂದರಲ್ಲಿ ಬೇಯಿಸಿದ ಮರಗೆಣಸು, ಬಾಳೆಹಣ್ಣು. ಅದು ನಮ್ಮಿಬ್ಬರಿಗೆ. ಇನ್ನೊಂದು ಮಗನಿಗೆ. ಬಾಳೆ ಎಲೆ ಸುತ್ತಿದ್ದರೂ ಅದರ ವಾಸನೆ ಹೊರಗೆ ಬರುತ್ತಿತ್ತು.

ಹಾಯಿ ಗಾಳಿ ತುಂಬಿಕೊಂಡಿತು. ದಡದ ತೆಂಗಿನ ಮರಗಳು ಹಿಂದೆ ಸರಿದವು. ಚೇಟ್ಟ ಚುಕ್ಕಾಣಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಪೊಟ್ಟಣ ಬಿಚ್ಚಿದರು. ಬಂಗುಡೆ. ಹಿಂದಿನ ದಿನ ಸೀಳಿ, ಉಪ್ಪು, ಅರಿಶಿನ, ಕುಟ್ಟಿದ ಮೆಣಸು ಸವರಿ, ತೆಂಗಿನ ಗರಿಕಡ್ಡಿಗೆ ಪೋಣಿಸಿ ಒಲೆಯ ಮೇಲೆ ತೂಗುಹಾಕಿದ್ದರಂತೆ. ಕೆಳಗೆ ತೆಂಗಿನ ಸಿಪ್ಪೆ. ಅದು ಉರಿಯಬಾರದು, ಸಂಜೆಯವರೆಗೂ ಹೊಗೆಯಾಡುತ್ತಲೇ ಇರಬೇಕಂತೆ. ಮೀನು ತಾಮ್ರದ ಬಣ್ಣಕ್ಕೆ ತಿರುಗಿತ್ತು.

ಮೊದಲು ಕೈ ಚಾಚಿದವರು ಅಣ್ಣ.

ನಾನು ಬೆರಗಾಗಿ ನೋಡಿದೆ. ಅವರು ನಕ್ಕರು. "ಏನಯ್ಯ ಹಾಗೆ ನೋಡ್ತೀಯ? ನನಗೇನು ಇದು ಹೊಸದಲ್ಲ. ನೀರಿನ ಮೇಲೆ ಯಾರು ಬಂದು ನೋಡ್ತಾರೆ? ತಿನ್ನು. ನಾನೂ ಹೇಳಲ್ಲ, ನೀನೂ ಹೇಳಬೇಡ."

ಒಂದು ಚೂರು ಬಾಯಿಗೆ ಹಾಕಿಕೊಂಡೆ. ಓಕರಿಕೆ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಮೊದಲು ಹೊಗೆಯ ರುಚಿ, ಆಮೇಲೆ ಮೆಣಸು, ಕೊನೆಗೆ ತುಪ್ಪದಂಥ ಒಂದು ಜಿಡ್ಡು. ಮರಗೆಣಸಿನ ಜೊತೆ ಅದು ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ನಾನು ಎರಡು ಮೀನು ಮುಗಿಸಿದೆ. ಅಣ್ಣ ಮೂರು. ಬಿಸಿಲು, ಗಾಳಿ, ಬೆರಳಿಗೆ ಅಂಟಿದ ಮಸಾಲೆ. ಆ ಊರಿಗೆ ಬಂದಮೇಲೆ ಅಷ್ಟು ಖುಷಿಯಾಗಿ ನಾನು ನಕ್ಕಿರಲಿಲ್ಲ.

ಒಂದು ತಿಂಗಳ ಮೇಲೆ ಹುಡುಗಿಯ ತಂದೆಯಿಂದ ಕಾಗದ ಬಂತು: ಒಮ್ಮೆ ಬಂದು ಹೋಗಿ. ಲಗ್ನದ ದಿನ ಹೇಳಲು ಕರೆದಿದ್ದಾರೆ ಎಂದುಕೊಂಡೆ. ತಿರುವನಂತಪುರದ ತಂಪಾನೂರಿನಲ್ಲಿ ರೈಲು ಇಳಿದು, ಮಲ್ಲಿಗೆ ಕೊಂಡು, ಬಸ್ಸು ಹತ್ತಿ ಶ್ರೀಕಾರ್ಯಂನ ಅವರ ಮನೆಗೆ ಹೋದೆ. ಜಗುಲಿಯಲ್ಲಿ ಕೂರಿಸಿದರು. ಕಾಫಿ ಬರಲಿಲ್ಲ.

"ನೀವು ಮೀನು ತಿಂದ್ರಂತೆ. ನಿಜವಾ?" ಎಂದರು ಹುಡುಗಿಯ ತಂದೆ.

"ನಿಜ," ಎಂದೆ.

"ನಿಮ್ಮ ಹೆಡ್ ಕ್ಲರ್ಕು ಬಂದಿದ್ರು. ಎಷ್ಟು ಬೇಡ ಅಂದ್ರೂ ನೀವು ಕೇಳಲಿಲ್ಲವಂತೆ. ಅದೇ ದೋಣೀಲಿ ಕೂತು ಆ ಮನುಷ್ಯ ಬರೀ ಬಾಳೆಹಣ್ಣು ತಿಂದು ದಿನ ಕಳೆದರಂತೆ. ಹೇಳೋವಾಗ ಪಾಪ, ಕಣ್ಣಲ್ಲಿ ನೀರಿತ್ತು."

"ಮೊದಲು ತಿಂದವರೇ ಅವರು. ಅವರು ಹೇಳಿದ್ದಕ್ಕೇ ನಾನು..."

"ಸಿಕ್ಕಿಬಿದ್ದವರು ಇನ್ನೊಬ್ಬರ ಹೆಸರು ಹೇಳೋದು ಎಲ್ಲ ಕಡೆಯೂ ಇದ್ದದ್ದೇ," ಎಂದು ಅವರು ಎದ್ದು ನಿಂತರು.

ಗೇಟಿನ ಹತ್ತಿರ ಹುಡುಗಿ ನಿಂತಿದ್ದಳು. ಅಲ್ಲಿಯೇ ಬೆಳೆದವಳು, ಅವಳ ಕನ್ನಡದಲ್ಲಿ ಮಲಯಾಳದ ರಾಗವಿತ್ತು. "ಇಲ್ಲ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ," ಎಂದಳು. ಕೋಪವೋ ದುಃಖವೋ ತಿಳಿಯಲಿಲ್ಲ. ಮಲ್ಲಿಗೆ ಪೊಟ್ಟಣ ನನ್ನ ಕೈಯಲ್ಲಿಯೇ ಉಳಿಯಿತು.

ಕೊಚ್ಚಿಗೆ ಮರಳಿ ಅಣ್ಣನನ್ನು ಕೇಳಿದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಅವರೇ ಕೇಳಿದರು. ಹಿರಿಯರ ಹತ್ತಿರ ಸುಳ್ಳು ಹೇಳೋಕಾಗುತ್ತೇನಯ್ಯ?" ಎಂದರು. ಆ ಮನೆಗೆ ಅವರು ಯಾಕೆ ಹೋಗಿದ್ದರು ಎಂದು ಕೇಳಬೇಕೆಂದು ನನಗೆ ಆಗ ಹೊಳೆಯಲಿಲ್ಲ. ಮೂರು ತಿಂಗಳಲ್ಲಿ ಎಲ್ಲರ ಮೇಜಿನ ಮೇಲೂ ಲಗ್ನಪತ್ರಿಕೆ ಬಂತು. ವಧು ಅವಳೇ. ವರ ಅಣ್ಣನ ತಮ್ಮ. ಅಣ್ಣ ನನ್ನ ಮೇಜಿನ ಮೇಲೂ ಒಂದು ಪತ್ರಿಕೆ ಇಟ್ಟು, ಅಂಚಿಗೆ ಹಚ್ಚಿದ ಅರಿಶಿನ ಒರೆಸಿಹೋಗದಂತೆ ಜೋಪಾನವಾಗಿ ಸರಿಪಡಿಸಿ ಮುಂದೆ ಹೋದರು.

ಚೇಟ್ಟನಿಗೆ ವಿಷಯ ತಿಳಿದಾಗ ಅವರು ತಮ್ಮ ಮನೆಗೇ ಅವಮಾನವಾದಂತೆ ಕೂಗಾಡಿದರು. "ನಾನು ಬಂದು ಆ ಹುಡುಗಿಯ ಅಪ್ಪನಿಗೆ ಹೇಳ್ತೇನೆ, ಮೂರು ಮೀನು ತಿಂದದ್ದು ಯಾರು ಅಂತ," ಎಂದರು. ನಾನು ಬೇಡವೆಂದೆ. ಅವರ ತಾಯಿ ಮಾತ್ರ ನನ್ನ ಮುಖ ನೋಡಿ, "ನಾನು ನಿನಗೆ ಬೇರೆ ಪೊಟ್ಟಣ ಕೊಟ್ಟಿದ್ದೆ ಮೋನೇ," ಎಂದರು, ಮಗನಿಗೆ ಹೇಳುವಂತೆ. ತನ್ನ ಮೀನಿನಿಂದ ಕೆಟ್ಟದ್ದಾಯಿತೆಂದು ಆ ಮುದುಕಿ ನೊಂದದ್ದು ಮದುವೆ ಮುರಿದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟಿತು. ಅದರ ಮುಂದಿನ ಭಾನುವಾರವೂ ದೋಣಿ ಹತ್ತಿದೆ, ತಿಂದೆ.

ಅಣ್ಣ ಮೊದಲಿನಂತೆಯೇ "ಏನಯ್ಯ" ಎಂದು ಕರೆಯುತ್ತಿದ್ದರು. ಕೆಲಸದ ಮಾತಿಗೆ ಉತ್ತರ ಕೊಡುತ್ತಿದ್ದೆ. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಗಂಜಿ ಕುಡಿದ ಋಣ ಬಾಯಿ ಕಟ್ಟಿತ್ತು.

ಎಪ್ಪತ್ತರ ದಶಕದ ನಡುವೆ ನನಗೆ ತಿರುವನಂತಪುರಕ್ಕೇ ವರ್ಗವಾಯಿತು. ಒಂದು ಸಂಜೆ ತಂಪಾನೂರಿನ ಬಸ್ ನಿಲ್ದಾಣದಲ್ಲಿ ಆ ದಂಪತಿ ಎದುರಾದರು. ಅವಳು "ಸುಖಮಾಣೋ?" ಎಂದು ಮಲಯಾಳದಲ್ಲಿ ಕೇಳಿ ಬೇರೆ ಕಡೆ ನೋಡಿದಳು. ಗಂಡ ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡ. "ಅಣ್ಣ ನಿಮ್ಮ ವಿಷಯ ಯಾವಾಗಲೂ ಹೇಳ್ತಿರ್ತಾನೆ. ಅಂಥ ಒಳ್ಳೆ ಹುಡುಗ ಇಲ್ಲ ಅಂತಾನೆ. ಒಂದು ಸಲವಾದ್ರೂ ಮನೆಗೆ ಬನ್ನಿ ಸಾರ್," ಎಂದ.

ಅವನಿಗೆ ಏನೂ ಗೊತ್ತಿರಲಿಲ್ಲ. ಅಷ್ಟು ವರ್ಷ ಅವನನ್ನೂ ಅಣ್ಣನ ಜೊತೆ ಸೇರಿಸಿ ದ್ವೇಷಿಸಿದ್ದೆ. ಶ್ರೀಕಾರ್ಯಂನ ಬಸ್ಸು ಬಂತು, ಅವರು ಹತ್ತಿದರು. ನಾನೂ ಹತ್ತಬೇಕಾದ ಬಸ್ಸೇ ಅದು. ಇನ್ನೊಂದು ಬರಲಿ ಎಂದು ಅಲ್ಲಿಯೇ ನಿಂತೆ.