ಸವೆಯದ ಚಪ್ಪಲಿ

ಬೀರುವಿನ ಕೆಳಖಾನೆ ಖಾಲಿ ಮಾಡುವಾಗ ಕೆಂಪು ಚಪ್ಪಲಿಯ ಜೋಡಿಯೊಂದು ಕೈಗೆ ಸಿಕ್ಕಿತು. ಮಗಳು ಮೂರು ವರ್ಷದವಳಿದ್ದಾಗಿನದು. ಬಕಲ್ಲು ಕೊನೆಯ ತೂತಿಗೆ ಬಂದಿದೆ, ಅಂದರೆ ಕಾಲು ಬೆಳೆದಿತ್ತು. ತಿರುಗಿಸಿ ನೋಡಿದರೆ ಅಟ್ಟೆ ಮಾತ್ರ ಈಗಷ್ಟೇ ಅಂಗಡಿಯಿಂದ ತಂದ ಹಾಗಿದೆ. ಅದನ್ನು ಕಂಡದ್ದೇ ಹಳೆಯ ಸಿಟ್ಟು ಮತ್ತೆ ನೆತ್ತಿಗೇರಿತು...

ಹರಿಹರದಲ್ಲಿ ನಮ್ಮದೂ, ನಾನು ಖಾಲಾ (ಚಿಕ್ಕಮ್ಮ) ಎಂದು ಕರೆಯುತ್ತಿದ್ದ ಮುಸ್ಲಿಂ ಹೆಂಗಸಿನದೂ ಒಂದೇ ಗೋಡೆಯ ಮನೆ. ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಮಗಳನ್ನು ಅವರ ಕೈಗೆ ಕೊಟ್ಟು, ಸಂಜೆ ನಿದ್ದೆಗಣ್ಣಲ್ಲಿದ್ದವಳನ್ನು ಎತ್ತಿಕೊಂಡು ಬರುತ್ತಿದ್ದೆ. ಅಲ್ಲಿಯವರೆಗೂ ಅವಳು ಅವರ ಸೊಂಟದ ಮೇಲೆಯೇ. ಊಟವೂ ಅಲ್ಲೇ, ಆಟವೂ ಅಲ್ಲೇ. ಖಾಲಾ ಅವರ ಸ್ವಂತ ಮೊಮ್ಮಕ್ಕಳು ಮಾತ್ರ ಮಾಳಿಗೆಯ ಮೆಟ್ಟಿಲಿಂದ ದುಮುಕಿ, ಮಂಡಿ ತರಚಿಕೊಂಡು ಅತ್ತು, ಮತ್ತೆ ಹತ್ತುತ್ತಿದ್ದವು. ನನ್ನ ಮಗಳ ಮೇಲೆ ಮುದ್ದು ಜಾಸ್ತಿ ಎಂದು ನಾನು ಹಿಗ್ಗುತ್ತಿದ್ದೆ.

ಅವಳಿಗೆ ನಾಲ್ಕು ತುಂಬಿದಾಗ ಶಿಶುವಿಹಾರದಲ್ಲಿ ಆಟದ ದಿನ. ನೆಲದ ಮೇಲೆ ಒಂದು ಹಗ್ಗ ಹಾಸಿದ್ದರು. ಮಕ್ಕಳು ಜೋಡಿಗಾಲಲ್ಲಿ ಅದನ್ನು ಜಿಗಿಯಬೇಕು, ಅಷ್ಟೇ. ನನ್ನ ಮಗಳು ಹಗ್ಗದ ಹತ್ತಿರ ಹೋಗಿ ನಿಂತು ಎರಡೂ ಕೈ ಮೇಲೆತ್ತಿದಳು. ಯಾರಾದರೂ ಎತ್ತಿಕೊಂಡು ದಾಟಿಸಲಿ ಅಂತ. ನೆರೆದಿದ್ದವರು ನಕ್ಕರು.

ಟೀಚರ್ ನನ್ನನ್ನು ಬದಿಗೆ ಕರೆದು, "ಮೆಟ್ಲೂ ಹತ್ತಲ್ರೀ. ಒಂದ್ಸಲ ಡಾಕ್ಟ್ರಿಗೆ ತೋರಿಸ್ರಿ" ಎಂದರು. ಅವತ್ತೇ ಎತ್ತಿಕೊಂಡು ಓಡಿದೆ. ಡಾಕ್ಟರು ಎಲ್ಲಾ ನೋಡಿ, "ಕಾಲು ಚೆನ್ನಾಗೇ ಐತೆ. ನೆಲಕ್ಕೆ ಬಿಡ್ರಿ ಮೊದ್ಲು" ಎಂದರು.

ಅವತ್ತು ಖಾಲಾ ಅವರ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. "ಕಾಲಿರೋ ಕೂಸನ್ನ ಕುಂಟಿ ಮಾಡಿಟ್ರಲ್ಲ!"

ಮಗಳು ಕೈ ಚಾಚಿದ್ದಕ್ಕೆ ಎತ್ತಿಕೊಂಡಿದ್ದ ಅವರು ಆಗಲೂ ಅವಳನ್ನು ಕೆಳಗಿಳಿಸಲಿಲ್ಲ. "ನನ್ನ ಮೊಮ್ಮಗಳಾಗಿದ್ರೆ ಯಾವಾಗ್ಲೋ ಬಿಡ್ತಿದ್ದೆ, ಬೇಟಿ. ಇದು ನಿನ್ನ ಕೂಸು. ನಮ್ಮನ್ಯಾಗ ಬಿದ್ರೆ ಓಣಿಯವ್ರು ಬಿತ್ತು ಅನ್ನಲ್ಲ, ಬೀಳಿಸಿದ್ರು ಅಂತಾರೆ."

ಹಿಂದೊಮ್ಮೆ ಮಗಳ ಕೆನ್ನೆಗೆ ಸೊಳ್ಳೆ ಕಚ್ಚಿ ಕೆಂಪಾಗಿದ್ದಾಗ ಮೂಲೆಮನೆಯಾಕೆ, ಖಾಲಾ ಎದುರಿಗೇ ನನ್ನನ್ನು ಕೇಳಿದ್ದಳು: "ಅವ್ರ ಮನ್ಯಾಗ ಯಾರಾದ್ರೂ ಹೊಡೆದ್ರಾ ಹೆಂಗೆ? ಕೂಸು ನೋಡ್ಕೊಳ್ಳಾಕೆ ನಮ್ಮೋರು ಯಾರೂ ಸಿಗ್ಲಿಲ್ವಾ?" ನಾನು ನಕ್ಕು ಮರೆತಿದ್ದೆ. ಖಾಲಾ ಮರೆತಿರಲಿಲ್ಲ.

ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗಲ್ಲ ಅಂತಾರೆ. ಯಾಕೆ ಆಗಲ್ಲ? ಬಿದ್ದು ಎದ್ದು ಗಟ್ಟಿಯಾಗಬೇಕಾದ ಕಾಲು ಅದು. ಒಂದು ಕೂಸು ನೆಲಕ್ಕೆ ಕಾಲೂರುವುದಕ್ಕೂ ಈ ಬಾಯಿಗಳ ಅಪ್ಪಣೆ ಬೇಕಿತ್ತೇ?

"ಬೀಳ್ಲಿ ಬಿಡ್ರಿ. ಓಣಿಯವ್ರನ್ನ ನಾನು ನೋಡ್ಕೊಂತೀನಿ" ಎಂದೆ. ಮರುದಿನ ಖಾಲಾ ಬಜಾರಿಗೆ ಹೋಗಿ ನೀಲಿ ಚಪ್ಪಲಿ ತಂದು ತೊಡಿಸಿ, ಅವಳನ್ನು ಮೆಟ್ಟಿಲ ಬುಡದಲ್ಲಿ ಇಳಿಸಿದರು. ಹತ್ತಿದಳು, ಬಿದ್ದಳು, ಮಂಡಿ ಒಡೆದುಕೊಂಡಳು. ಮೂಲೆಮನೆಯಾಕೆ ಓಡಿ ಬಂದಳು. "ನನ್ನ ಮಗಳು, ಬಿದ್ದಾಳೆ. ನಿಮ್ದೇನ್ರಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಮಳೆಗಾಲದ ಹೊತ್ತಿಗೆ ಮಗಳು ಜೋಡಿಗಾಲಲ್ಲಿ ಚರಂಡಿ ಜಿಗಿಯುತ್ತಿದ್ದಳು. ಹಿಂದೆಯೇ ಖಾಲಾ, ಎರಡೂ ಕೈ ಚಾಚಿಕೊಂಡು... ಆ ವರ್ಷದ ಚಳಿಗಾಲವನ್ನು ಅವರು ಕಾಣಲಿಲ್ಲ. ಎದೆನೋವು ಅಂದವರು ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ.

ಮಗಳೀಗ ಎರಡನೇ ಕ್ಲಾಸು. ಹೊಳೆಯ ಮೆಟ್ಟಿಲ ಮೇಲೆ ಅವಳನ್ನು ಹಿಡಿಯುವವರಿಲ್ಲ. "ಭಾಳ ಚುರುಕು ಬಿಡ್ರಿ ನಿಮ್ಮ ಹುಡುಗಿ" ಎನ್ನುತ್ತಾಳೆ ಮೂಲೆಮನೆಯಾಕೆ.

ಖಾಲಾ ತಂದ ನೀಲಿ ಜೋಡಿಗಾಗಿ ಬೀರುವನ್ನೆಲ್ಲ ತಡಕಾಡಿದೆ. ಇರಲಿಲ್ಲ. ಅಟ್ಟೆ ಸವೆದು ತೂತಾಯಿತೆಂದು ನಾನೇ ಎಸೆದಿದ್ದೆ. ಹೊಸದರಂತಿದೆ ಎಂದು ಈ ಕೆಂಪು ಜೋಡಿಯನ್ನು ಜೋಪಾನ ಮಾಡಿದ್ದೆ.