ಫೋಟೊಗಾಗಿ ಹರಿಸಿದ ನೀರು

ಹೊಲದಲ್ಲಿ ಹುಗಿದ ಸೆನ್ಸರ್ ಕಿತ್ತು, ಕರ್ಚೀಫಿನಿಂದ ಒರೆಸಿ, ಬಿಸಿಲಿಗೆ ಹಿಡಿದು ನಿಂತವನನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಮೊನ್ನೆ ಮೊನ್ನೆ, ಮರೋಳದ ಹತ್ತಿರ, ನನ್ನ ಶಾಲೆಯ ಗೆಳತಿ ಶಮಶಾದಳ ಉಳ್ಳಾಗಡ್ಡಿ (ಈರುಳ್ಳಿ) ಹೊಲದಲ್ಲಿ.

ಸೆನ್ಸರ್ ಅಂದರೆ ದೊಡ್ಡ ಮಾಯಾಜಾಲವೇನಲ್ಲ. ಮಣ್ಣಿನಲ್ಲಿ ಎಷ್ಟು ಹಸಿ ಇದೆ ಎಂದು ನೋಡುತ್ತದೆ. ಒಣಗಿದ್ದರೆ ಸ್ಪ್ರಿಂಕ್ಲರ್ ತಾನೇ ಶುರು, ಹಸಿಯಾದರೆ ತಾನೇ ಬಂದ್. ಜನ ನೋಡಿ ಕಲಿಯಲಿ ಎಂದು ಒಂದು ಕಂಪನಿ ಪುಕ್ಕಟೆ ಹಾಕಿಕೊಟ್ಟಿತ್ತು. ಕರೆಂಟು ಬಂದಾಗೆಲ್ಲ ಅರ್ಧ ಊಟಕ್ಕೇ ಕೈತೊಳೆದು ಮೋಟರಿನತ್ತ ಓಡುತ್ತಿದ್ದ ಶಮಶಾದ, ಈ ಹಂಗಾಮಿನಲ್ಲಿ ಕೂತು ಬಿಸಿ ರೊಟ್ಟಿ ಉಂಡಿದ್ದಳು. (ಇದೇನು ಮಹಾ ಅನ್ನುವವರು ಮನೆಯ ಹೆಂಗಸರನ್ನು ಕೇಳಿ ನೋಡಿ.)

ನಾನು ಹೋದ ದಿನ ಅದರ ಅಧಿಕೃತ ಉದ್ಘಾಟನೆ. ಶಾಮಿಯಾನ, ಹಾರ, ನೀರು ಉಳಿಸಿ ಎನ್ನುವ ಬ್ಯಾನರ್. ಹಿಂದಿನ ದಿನವಷ್ಟೇ ಒಳ್ಳೆಯ ಮಳೆಯಾಗಿತ್ತು. ಉದ್ಘಾಟನೆಗೆ ಬಂದ ಕೃಷಿ ಇಲಾಖೆಯ ಸಾಹೇಬರು ಗುಂಡಿ ಒತ್ತಿದರು. ನೀರು ಬರಲಿಲ್ಲ.

ಬರಬಾರದು! ನೆಲ ಹಸಿ ಇದೆ, ಅದಕ್ಕೇ ಯಂತ್ರ ನೀರು ಬಿಡುತ್ತಿಲ್ಲ. ಚಪ್ಪಾಳೆ ಹೊಡೆಯಬೇಕಾದದ್ದು ಇದಕ್ಕೇ ಅಲ್ಲವೇ?

"ಏನ್ರಿ ಇದು, ನೀರ ಬರವಲ್ದಲ್ಲ!" ಸಾಹೇಬರ ಮುಖ ಗಂಟಾಯಿತು. ಕಂಪನಿಯ ಹುಡುಗ ಸೆನ್ಸರ್ ಕಿತ್ತು ಒರೆಸಿದ್ದು ಆಗಲೇ. ನೆಲ ಒಣಗಿದೆ ಎಂದು ನಂಬಿ ಸ್ಪ್ರಿಂಕ್ಲರ್ ಚಿಮ್ಮಿತು. ಭರ್ಜರಿ ಚಪ್ಪಾಳೆ!

ಶಮಶಾದ ಎದ್ದಳು. "ಬಂದ್ ಮಾಡ್ರಿ. ಎರಿ ಹೊಲ ಐತಿ, ಕರಿ ಮಣ್ಣು ನೀರ ಹಿಡದಿಟ್ಕೊಂತೈತಿ, ಮತ್ತ ನೀರ ಬಿಟ್ರ ಉಳ್ಳಾಗಡ್ಡಿ ಕೊಳೀತಾವು."

"ಸ್ವಲ್ಪ ತಡೀರಿ ಅಕ್ಕಾರ, ಫೋಟೊ ಆಗ್ಲಿ," ಎಂದ ಕಂಪನಿಯ ಹುಡುಗ.

"ನಿಮ್ಮ ಫೋಟೊ ಸಲುವಾಗಿ ನನ್ನ ಬೆಳಿ ಕೊಳಸ್ಲೇನು?"

ಕೇಳಿದವಳೇ ಅವನ ಕೈಯಿಂದ ಸೆನ್ಸರ್ ಕಸಿದು ಹಸಿ ಮಣ್ಣಿಗೆ ಚುಚ್ಚಿದಳು. ನೀರು ನಿಂತಿತು. ಸಾಹೇಬರು ಊಟಕ್ಕೂ ನಿಲ್ಲದೆ ಜೀಪು ಹತ್ತಿದರು.

ಮರುದಿನವೇ ಕಂಪನಿಯವರು ಬಂದು ಸೆನ್ಸರ್, ವೈರು, ಪೆಟ್ಟಿಗೆ ಎಲ್ಲ ಬಿಚ್ಚಿಕೊಂಡು ಹೋದರು. ರೈತರ ಸಹಕಾರ ಇಲ್ಲ ಅನ್ನುವುದು ಅವರ ಕಾರಣ. ಸುದ್ದಿ ಕೇಳಿ ಇಳಕಲ್ಲಿನ ನನ್ನ ಮನೆಯಿಂದ ಫೋನ್ ಮಾಡಿದೆ.

"ಉಳ್ಳಾಗಡ್ಡಿ ಉಳದೂವು ಬಿಡು," ಎಂದಳು ಶಮಶಾದ. ಆಮೇಲೆ, "ಆದ್ರ ಆ ಮಷಿನ್ ಭಾಳ ಚೊಲೊ ಇತ್ತು. ಬ್ಯಾಸರಾತು ನೋಡು," ಎಂದಳು. ಜಗಳಕ್ಕೆ ಅಂಜದವಳ ದನಿ ಅಲ್ಲಿ ಸಣ್ಣದಾಗಿತ್ತು.

ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಹರಿಯುವ ನೀರಿಗೆ ಬಾಗಿನ ಬಿಟ್ಟು, ಮುಂದೆ ನಿಂತು ಫೋಟೊ ತೆಗೆಸಿಕೊಂಡು ನಮಗೆ ರೂಢಿ. ಉಳಿದ ನೀರು ಫೋಟೊದಲ್ಲಿ ಬೀಳುವುದಿಲ್ಲ, ಹಾಗಾಗಿ ಅದು ಸಾಧನೆಯೇ ಅಲ್ಲ! ಚೊಲೊ ಯಂತ್ರ ತಂದು, ಅದಕ್ಕೇ ಸುಳ್ಳು ಹೇಳಲು ಕಲಿಸುವ ಬುದ್ಧಿವಂತರು ನಾವು.

ನೀರು ಉಳಿಸಿದ ಹೆಣ್ಣುಮಗಳು ಸಹಕಾರ ಕೊಡಲಿಲ್ಲವಂತೆ. ಯಾವುದಕ್ಕೆ, ಸ್ವಾಮಿ?